ಅಜ್ಜಿಯನ್ನು ಕೇಳಿ ಬರೆಯುವ ಕನ್ನಡ

ಮಗು ಮೂರನೇ ತರಗತಿಗೆ ಬಂತೆಂದರೆ ಮನೆಯಲ್ಲಿ ಒಂದು ರಾತ್ರಿ ಚಾರ್ಟ್ ಹಾಳೆ, ಗೋಂದು, ಸ್ಕೆಚ್ ಪೆನ್ನು, ಹಳೇ ಫೋಟೊಗಳೆಲ್ಲ ಹರಡಿಕೊಳ್ಳುತ್ತವೆ. ವಂಶವೃಕ್ಷ ಬರೆದು ತರಬೇಕು ಎಂದು ಶಾಲೆಯಿಂದ ಸೂಚನೆ ಬಂದಿರುತ್ತದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿನ ನಂತರ ಪ್ರಾಥಮಿಕ ಹಂತದ ಪರಿಸರ ಅಧ್ಯಯನವನ್ನು ಆರು ವಿಷಯಗಳ ಸುತ್ತ ಹೆಣೆಯಲಾಯಿತು. ಅವುಗಳಲ್ಲಿ ಮೊದಲನೆಯದೇ ಕುಟುಂಬ ಮತ್ತು ಗೆಳೆಯರು. ಕಲಿಕೆ ಮಗುವಿಗೆ ಗೊತ್ತಿರುವ ಮನೆಯಿಂದ ಶುರುವಾಗಲಿ ಎಂಬ ಆ ಯೋಚನೆ ಒಳ್ಳೆಯದೇ. ಆದರೆ ತರಗತಿಯ ಗೋಡೆಗೆ ಬಂದು ಅಂಟಿಕೊಳ್ಳುವ ಮರವನ್ನು ಬಹುಮಟ್ಟಿಗೆ ಬಿಡಿಸುವವರು ತಂದೆತಾಯಿ. ಕೊಂಬೆಗೊಂದು ಫೋಟೊ, ಅದರಡಿ ಒಂದು ಹೆಸರು, ‘ಗ್ರ್ಯಾಂಡ್‌ಫಾದರ್’, ‘ಗ್ರ್ಯಾಂಡ್‌ಮದರ್’ ಎಂಬ ಚೀಟಿ. ಇಡೀ ಕೆಲಸದಲ್ಲಿ ಮಗು ಒಂದು ಪ್ರಶ್ನೆಯನ್ನೂ ಕೇಳಿರುವುದಿಲ್ಲ, ಅಜ್ಜ ಒಂದು ಮಾತನ್ನೂ ಆಡಿರುವುದಿಲ್ಲ. ಭಾಷೆ ಕಲಿಸಲು ನಮ್ಮ ಕೈಯಲ್ಲಿರುವ ಬಹಳ ಸಮರ್ಥವಾದ ಉಪಾಯವೊಂದು ಹೀಗೆ ಅಂಟು ಕತ್ತರಿಯ ಕೆಲಸವಾಗಿ ಮುಗಿದುಹೋಗುತ್ತಿದೆ. ಮನೆಯ ಹಿಂದಿನ ಕಥೆಯನ್ನು ಮಗು ತಾನೇ ಕೇಳಿ, ತಾನೇ ಬರೆದುಕೊಳ್ಳುವ ಕೆಲಸವನ್ನು ಪರಿಸರ ಅಧ್ಯಯನದ ಮೂಲೆಯಿಂದ ಎತ್ತಿ ಕನ್ನಡ ಪಾಠದ ನಡುಮನೆಗೆ ತರಬೇಕು ಎಂಬುದು ನನ್ನ ವಾದ.

2011ರ ಜನಗಣತಿಯಲ್ಲಿ ಕನ್ನಡ ತಮ್ಮ ತಾಯ್ನುಡಿ ಎಂದು ಬರೆಸಿದವರು ಸುಮಾರು 4.37 ಕೋಟಿ. ಇಷ್ಟು ಜನ ಆಡುವ ಭಾಷೆ ನಾಳೆಯೇ ಮರೆಯಾಗುತ್ತದೆ ಎಂದು ಯಾರೂ ಹೆದರಬೇಕಾಗಿಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗುವಿನ ಬಾಯಲ್ಲಿ ಆ ಭಾಷೆ ಎಷ್ಟು ಕುಗ್ಗಿದೆ ಎಂಬುದನ್ನು ನೋಡಿದಾಗ ಮಾತ್ರ ಕಳವಳವಾಗುತ್ತದೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ ಅಮೆರಿಕದ ಊರೊಂದರಲ್ಲೋ ಬೆಳೆಯುವ ಮಗುವಿಗೆ ಕನ್ನಡ ಬರುವುದಿಲ್ಲ ಎನ್ನುವಂತಿಲ್ಲ. ‘ಊಟ ಬೇಡ’, ‘ಆಮೇಲೆ ಬರ್ತೀನಿ’ ಎನ್ನಲು ಬರುತ್ತದೆ. ಶಾಲೆಯಲ್ಲಿ ನಡೆದ ಜಗಳವನ್ನು ಮೊದಲಿಂದ ಕೊನೆಯವರೆಗೆ ಹೇಳು ಎಂದರೆ ಎರಡನೇ ವಾಕ್ಯಕ್ಕೆ ಇಂಗ್ಲಿಷಿಗೆ ಹೊರಳುತ್ತದೆ. ಇದನ್ನು ಕಾನೂನಿನಿಂದ ಸರಿಪಡಿಸುವುದಕ್ಕೂ ಮಿತಿಯಿದೆ. ಶಿಕ್ಷಣ ಮಾಧ್ಯಮದ ವಿಷಯದಲ್ಲಿ ಸರ್ಕಾರ ಒತ್ತಾಯ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿತು. ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಕಾಯ್ದೆ ರಾಜ್ಯದ ಶಾಲೆಗಳಲ್ಲಿ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಕಡ್ಡಾಯ ಮಾಡಿತು. ವೇಳಾಪಟ್ಟಿಯಲ್ಲಿ ಕನ್ನಡಕ್ಕೊಂದು ಪಿರಿಯಡ್ ಸಿಕ್ಕಿತು, ಅದು ಸಣ್ಣ ಲಾಭವೇನಲ್ಲ. ಆದರೆ ಅಲ್ಲಿ ಕಲಿತದ್ದನ್ನು ಯಾರೊಡನೆ ಆಡಬೇಕು, ಯಾವ ಅಗತ್ಯಕ್ಕೆ ಆಡಬೇಕು ಎಂಬುದನ್ನು ಯಾವ ಕಾಯ್ದೆಯೂ ಒದಗಿಸಲಾರದು.

ಈ ಅಗತ್ಯದ ಪ್ರಶ್ನೆಯನ್ನು ಭಾಷಾತಜ್ಞರು ಬಹಳ ಹಿಂದೆಯೇ ಎತ್ತಿದ್ದಾರೆ. ಕುಗ್ಗುತ್ತಿರುವ ಭಾಷೆಗಳನ್ನು ಮತ್ತೆ ಚಿಗುರಿಸುವುದು ಹೇಗೆ ಎಂದು ಜೀವಮಾನವಿಡೀ ಯೋಚಿಸಿದ ಜೋಶುವಾ ಫಿಶ್‌ಮನ್ 1991ರ ತಮ್ಮ ಪುಸ್ತಕದಲ್ಲಿ ಎಂಟು ಹಂತಗಳ ಅಳತೆಗೋಲೊಂದನ್ನು ಕೊಟ್ಟರು. ಸರ್ಕಾರ, ಕಚೇರಿ, ಶಾಲೆ, ಪತ್ರಿಕೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಆದರೆ ಅವರು ಮತ್ತೆ ಮತ್ತೆ ಒತ್ತಿ ಹೇಳಿದ್ದು ಮನೆಯೊಳಗೆ ಹಿರಿಯರಿಂದ ಕಿರಿಯರಿಗೆ ಭಾಷೆ ದಾಟುವ ಹಂತವನ್ನು. ಅಲ್ಲಿ ಎಳೆ ಕಡಿದರೆ ಮೇಲಿನ ಹಂತಗಳಲ್ಲಿ ಎಷ್ಟು ದುಡಿದರೂ ಫಲ ನಿಲ್ಲುವುದಿಲ್ಲ ಎಂಬುದು ಅವರ ನಿಲುವು. ಅದೇ ವರ್ಷ ಲಿಲಿ ವಾಂಗ್ ಫಿಲ್ಮೋರ್ ಅಮೆರಿಕಕ್ಕೆ ವಲಸೆ ಬಂದ ಹಾಗೂ ಇತರ ಅಲ್ಪಸಂಖ್ಯಾತ ಭಾಷೆಗಳ ಸಾವಿರಕ್ಕೂ ಹೆಚ್ಚು ಕುಟುಂಬಗಳ ಅಧ್ಯಯನ ಪ್ರಕಟಿಸಿದರು. ತೀರ ಚಿಕ್ಕ ವಯಸ್ಸಿಗೇ ಇಂಗ್ಲಿಷ್ ಶಾಲೆಗೆ ಸೇರಿದ ಮಕ್ಕಳು ಮನೆಮಾತನ್ನು ಬಿಡುತ್ತ ಹೋದದ್ದು ಮಾತ್ರವಲ್ಲ, ಆ ಮನೆಗಳಲ್ಲಿ ಹಿರಿಯರಿಗೂ ಮಕ್ಕಳಿಗೂ ನಡುವೆ ತಿಳಿವಳಿಕೆ ಹೇಳುವ, ಬುದ್ಧಿ ಹೇಳುವ, ಕಷ್ಟಸುಖ ಹಂಚಿಕೊಳ್ಳುವ ಮಾತೇ ನಿಂತುಹೋಗಿತ್ತು. ವಿದೇಶದ ಕನ್ನಡ ಮನೆಗಳಲ್ಲಿ ಭಾನುವಾರದ ವಿಡಿಯೊ ಕರೆ ‘ಊಟ ಆಯ್ತಾ, ಶಾಲೆ ಹೇಗಿದೆ’ ಎಂಬಲ್ಲಿಗೆ ಮುಗಿಯುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೀತಿಗೇನೂ ಕೊರತೆಯಿರುವುದಿಲ್ಲ. ಮುಂದೆ ಕೇಳುವುದಕ್ಕೆ ಏನೂ ಇರುವುದಿಲ್ಲ, ಅಷ್ಟೇ. ಕುಟುಂಬದ ಇತಿಹಾಸ ಬರೆಯುವ ಕೆಲಸ ಈ ಜಾಗವನ್ನು ತುಂಬುತ್ತದೆ. ಜಗತ್ತಿನ ಉಳಿದ ಯಾವ ಸಂಗತಿಯಾದರೂ ಮಗುವಿಗೆ ಇಂಗ್ಲಿಷಿನಲ್ಲಿ ಸಿಗಬಹುದು. ತನ್ನ ಮುತ್ತಜ್ಜ ಊರು ಬಿಟ್ಟು ಬಂದದ್ದು ಏಕೆ ಎಂಬುದು ಮಾತ್ರ ಅಜ್ಜಿಯ ಬಳಿ, ಅಜ್ಜಿಯ ಮಾತಿನಲ್ಲಿ ಮಾತ್ರ ಇದೆ.

ಇದರಿಂದ ಮಗುವಿನ ಕನ್ನಡಕ್ಕೆ ನಿಜವಾಗಿ ಆಗುವುದೇನು ಎಂದು ಹತ್ತಿರದಿಂದ ನೋಡೋಣ. ಹತ್ತು ವರ್ಷದ ಹುಡುಗಿಯೊಬ್ಬಳು ‘ಅಜ್ಜಿ, ನೀನು ಚಿಕ್ಕವಳಿದ್ದಾಗ ಮನೇಲಿ ಯಾವ ದೀಪ ಹಚ್ತಿದ್ರಿ?’ ಎಂದು ಕೇಳಿದಳು ಎಂದಿಟ್ಟುಕೊಳ್ಳಿ. ಅಜ್ಜಿಯ ಉತ್ತರ ಹೀಗಿರಬಹುದು: ‘ಬುಡ್ಡಿ ಇತ್ತು ಕಣೇ. ಸೀಮೆಎಣ್ಣೆ ಸಿಕ್ಕಿದ್ರೆ ಅದು ಉರೀತಿತ್ತು, ಇಲ್ದಿದ್ರೆ ಹರಳೆಣ್ಣೆ ದೀಪವೇ ಗತಿ. ನಮ್ಮಪ್ಪ ಹರಳು ಹೊತ್ಕೊಂಡು ಗಾಣಕ್ಕೆ ಹೋಗೋರು. ನಮ್ಮಜ್ಜಿ ಕಾಲದಲ್ಲಿ ಮನೇಲೇ ಹುರಿದು, ಕುಟ್ಟಿ, ಕುದಿಸಿ ಎಣ್ಣೆ ತೆಗೀತಿದ್ರಂತೆ.’ ನಾಲ್ಕೇ ವಾಕ್ಯದ ಈ ಮಾತಿನಲ್ಲಿ ‘ಊಟ ಬೇಡ’ ಎಂಬಷ್ಟರ ಕನ್ನಡದಲ್ಲಿ ಎಂದೂ ಸಿಗದ ಎಷ್ಟೊಂದು ಇದೆ. ಆಗಿಹೋದದ್ದು ಇದೆ, ದಿನವೂ ಆಗುತ್ತಿದ್ದದ್ದು ಇದೆ. ಹೀಗಾದರೆ ಹಾಗೆ ಎಂಬ ಷರತ್ತು ಇದೆ. ‘ಹುರಿದು, ಕುಟ್ಟಿ, ಕುದಿಸಿ’ ಎಂದು ಕ್ರಿಯೆಗಳನ್ನು ಒಂದಕ್ಕೊಂದು ಪೋಣಿಸಿಕೊಂಡು ಹೋಗುವ, ಕನ್ನಡ ಕಥನದ ಬೆನ್ನೆಲುಬೇ ಆಗಿರುವ ಜೋಡಣೆ ಇದೆ. ಎಲ್ಲಕ್ಕಿಂತ ಮುಖ್ಯವಾಗಿ ಕೊನೆಯಲ್ಲಿ ಒಂದು ‘ಅಂತೆ’ ಇದೆ. ತಾನು ಕಂಡದ್ದಕ್ಕೆ ‘ಹೋಗೋರು’ ಎಂದ ಅಜ್ಜಿ, ತಾನು ಕೇಳಿ ತಿಳಿದದ್ದಕ್ಕೆ ‘ತೆಗೀತಿದ್ರಂತೆ’ ಎನ್ನುತ್ತಾಳೆ. ಕಂಡ ಸಾಕ್ಷಿ ಯಾವುದು, ಬಾಯಿಂದ ಬಾಯಿಗೆ ಬಂದದ್ದು ಯಾವುದು ಎಂಬ ವಿವೇಕವನ್ನು ಇತಿಹಾಸದ ವಿದ್ಯಾರ್ಥಿಗೆ ಕಾಲೇಜಿನಲ್ಲಿ ಕಲಿಸುತ್ತಾರೆ. ಕನ್ನಡ ಆಡುವ ಮಗುವಿಗೆ ಅದು ವ್ಯಾಕರಣದಲ್ಲೇ ಸಿಗುತ್ತದೆ. ಈ ಹುಡುಗಿ ಅಜ್ಜಿಯ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡು, ಮರುದಿನ ನಿಲ್ಲಿಸಿ ನಿಲ್ಲಿಸಿ ಕೇಳುತ್ತ ಬರೆದುಕೊಂಡರೆ ಆ ‘ಅಂತೆ’ ಅವಳ ಕಿವಿಗೂ ಕೈಗೂ ಹತ್ತುತ್ತದೆ. ಪಠ್ಯಪುಸ್ತಕದ ಬಿಟ್ಟ ಸ್ಥಳ ತುಂಬುವ ಅಭ್ಯಾಸಕ್ಕೆ ಈ ಶಕ್ತಿಯಿಲ್ಲ.

ಮನೆಯ ಕಥೆ ತಿಳಿದ ಮಗುವಿಗೆ ಭಾಷೆಯಾಚೆಗೂ ಒಂದು ಬಲವಿರುತ್ತದೆ ಎಂಬುದಕ್ಕೆ ಆಧಾರವಿದೆ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳಾದ ಮಾರ್ಷಲ್ ಡ್ಯೂಕ್ ಮತ್ತು ರಾಬಿನ್ ಫಿವುಶ್ 20 ಪ್ರಶ್ನೆಗಳ ಪಟ್ಟಿಯೊಂದನ್ನು ಸಿದ್ಧಪಡಿಸಿದರು. ನಿನ್ನ ತಂದೆತಾಯಿ ಹೇಗೆ ಭೇಟಿಯಾದರು ಗೊತ್ತೇ, ಅಜ್ಜ ಅಜ್ಜಿ ಎಲ್ಲಿ ಬೆಳೆದರು ಗೊತ್ತೇ ಎಂಬಂಥ, ಹೌದು ಅಥವಾ ಇಲ್ಲ ಎಂದರೆ ಮುಗಿಯುವ ಪ್ರಶ್ನೆಗಳು. ಹೆಚ್ಚು ಉತ್ತರ ಗೊತ್ತಿದ್ದ ಮಕ್ಕಳಲ್ಲಿ ಆತ್ಮಗೌರವವೂ ಬದುಕು ತನ್ನ ಹಿಡಿತದಲ್ಲಿದೆ ಎಂಬ ಭಾವನೆಯೂ ಹೆಚ್ಚಾಗಿದ್ದವು. ಆದರೆ ಈ ಅಧ್ಯಯನವನ್ನು ಅಳತೆ ಮೀರಿ ಎಳೆಯಬಾರದು. ಒಂದರ ಜೊತೆ ಇನ್ನೊಂದು ಇರುತ್ತದೆ ಎಂದಷ್ಟೇ ಅದು ತೋರಿಸುತ್ತದೆ. ಪಟ್ಟಿಯ ಉತ್ತರಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದರೆ ಪ್ರಯೋಜನವಿಲ್ಲ, ಆ ಕಥೆಗಳು ಊಟದ ಹೊತ್ತಿನಲ್ಲಿ, ಪ್ರಯಾಣದಲ್ಲಿ, ಹಬ್ಬದಲ್ಲಿ ಮತ್ತೆ ಮತ್ತೆ ಹೇಳಿಸಿಕೊಂಡು ಬಂದಿರುವುದೇ ಮುಖ್ಯ ಎಂದು ಡ್ಯೂಕ್ ಅವರೇ ಎಚ್ಚರಿಸಿದ್ದಾರೆ. ಗೆದ್ದ ಕಥೆಯನ್ನಷ್ಟೇ ಹೇಳುವ ಮನೆಗಿಂತ ಬಿದ್ದದ್ದು, ಎದ್ದದ್ದು ಎರಡನ್ನೂ ಹೇಳುವ ಮನೆಯ ಕಥೆ ಮಗುವಿಗೆ ಹೆಚ್ಚು ಆಸರೆ ಎಂಬ ಅವರ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಚಾರ್ಟಿನ ಮರದಲ್ಲಿ ಬಿದ್ದದ್ದಕ್ಕೆ ಜಾಗವೇ ಇಲ್ಲ.

ಹಾಗಾದರೆ ವಂಶದ ಹೆಮ್ಮೆ ಬೆಳೆಸಿದರೆ ಭಾಷೆ ತಾನೇ ಉಳಿಯುತ್ತದೆಯೇ? ಇಲ್ಲ. ಕೊಡಗನ್ನು ನೋಡಿ. ಮನೆತನದ ನೆನಪು ಅಲ್ಲಿಯಷ್ಟು ಗಟ್ಟಿಯಾಗಿರುವ ಜಾಗ ನಮ್ಮ ರಾಜ್ಯದಲ್ಲಿ ಅಪರೂಪ. ಪ್ರತಿ ಕೊಡವನೂ ತನ್ನ ಒಕ್ಕದ, ಅಂದರೆ ಮನೆತನದ, ಹೆಸರನ್ನು ಮೊದಲು ಹೇಳಿ ಆಮೇಲೆ ತನ್ನ ಹೆಸರು ಹೇಳುತ್ತಾನೆ. ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಮೂಲಪುರುಷನಾದ ಕಾರಣವನಿಗೆ ದೀಪವಿಡುತ್ತಾರೆ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಆರಂಭಿಸಿದ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿಗೆ ನೂರಾರು ಒಕ್ಕಗಳು ತಂಡ ಕಟ್ಟಿಕೊಂಡು ಬರುತ್ತವೆ. ನಡಿಕೇರಿಯಂಡ ಚಿಣ್ಣಪ್ಪ ಅವರು 1924ರಲ್ಲೇ ‘ಪಟ್ಟೋಲೆ ಪಳಮೆ’ಯಲ್ಲಿ ತಮ್ಮವರ ಹಾಡು, ಆಚಾರ, ಗಾದೆಗಳನ್ನು ಕನ್ನಡ ಲಿಪಿಯಲ್ಲಿ ಒಟ್ಟುಮಾಡಿಟ್ಟರು. ಇಷ್ಟಿದ್ದೂ ಯುನೆಸ್ಕೊದ ಅಪಾಯದಂಚಿನ ಭಾಷೆಗಳ ಪಟ್ಟಿಯಲ್ಲಿ ಕೊಡವ ತಕ್ಕ್ ಇದೆ. 2011ರಲ್ಲಿ ಅದನ್ನು ತಾಯ್ನುಡಿ ಎಂದವರು ಸುಮಾರು 1.14 ಲಕ್ಷ. ಗುರುತು ಭಾಷೆಯಿಲ್ಲದೆಯೂ ಬಹುಕಾಲ ಬಾಳಬಲ್ಲದು. ಹೆಸರು, ಉಡುಪು, ಊಟ, ಆಟಗಳ ಮೇಲೆ ಅದು ನಿಲ್ಲುತ್ತದೆ. ಭಾಷೆಗೆ ಮಾತ್ರ ಬೇರೆ ಊರುಗೋಲಿಲ್ಲ, ಅದು ಆಡಿದರಷ್ಟೇ ಇರುತ್ತದೆ. ಆದ್ದರಿಂದಲೇ ಕುಟುಂಬದ ಇತಿಹಾಸದ ಕೆಲಸವನ್ನು ಇಂಗ್ಲಿಷಿನಲ್ಲಿ ಮಾಡಿಸಿ ಸಂಸ್ಕೃತಿ ಕಲಿಸಿದೆವು ಎಂದುಕೊಳ್ಳುವುದು ಅರ್ಧ ಕೆಲಸ. ಕೇಳುವುದು, ಕೇಳಿದ್ದನ್ನು ಮೊದಲು ಬರೆದುಕೊಳ್ಳುವುದು ಮನೆಯ ಮಾತಿನಲ್ಲೇ ಆಗಬೇಕು.

ಈ ಬಗೆಯ ಕಲಿಕೆ ಹೊಸ ಪ್ರಯೋಗವೇನಲ್ಲ. 1966ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗುಡ್ಡಗಾಡು ಪ್ರದೇಶದ ಪ್ರೌಢಶಾಲೆಯೊಂದರಲ್ಲಿ ಮಕ್ಕಳು ‘ಫಾಕ್ಸ್‌ಫೈರ್’ ಎಂಬ ಪತ್ರಿಕೆಯ ಕೆಲಸ ಶುರುಮಾಡಿದರು. ಮರದ ದಿಮ್ಮಿಯ ಮನೆ ಕಟ್ಟುವುದು, ಹಂದಿ ಮಾಂಸ ಕೆಡದಂತೆ ಇಡುವುದು ಹೇಗೆ ಎಂದು ಸುತ್ತಲಿನ ಮುದುಕ ಮುದುಕಿಯರನ್ನು ಕೇಳಿ, ಅವರ ಆಡುಮಾತನ್ನು ಹಾಗೇ ಬರೆದರು. ಅದು ಇತಿಹಾಸದ ತರಗತಿಯಲ್ಲಿ ಹುಟ್ಟಿದ ಪತ್ರಿಕೆಯಲ್ಲ, ಭಾಷಾ ತರಗತಿಯಲ್ಲಿ ಹುಟ್ಟಿದ್ದು. ಪಾಠದಲ್ಲಿ ಮನಸ್ಸಿಲ್ಲದ ಮಕ್ಕಳಿಗೆ ಬರೆಯಲು ಒಂದು ಕಾರಣ ಬೇಕಿತ್ತು. 1972ರಲ್ಲಿ ಪುಸ್ತಕವಾಗಿ ಬಂದ ಅವರ ಬರಹಗಳನ್ನು ದೇಶವಿಡೀ ಓದಿತು. ಅರಿಜೋನಾದ ಟ್ಯೂಸನ್ ನಗರದಲ್ಲಿ ಲೂಯಿಸ್ ಮೋಲ್ ಮತ್ತು ಸಂಗಡಿಗರು ಇನ್ನೊಂದು ದಾರಿ ಹಿಡಿದರು. 1992ರಲ್ಲಿ ಪ್ರಕಟವಾದ ಅವರ ಅಧ್ಯಯನಕ್ಕಾಗಿ ಶಿಕ್ಷಕರೇ ಮೆಕ್ಸಿಕೊ ಮೂಲದ ವಿದ್ಯಾರ್ಥಿಗಳ ಮನೆಗಳಿಗೆ ಹೋಗಿ ಕುಟುಂಬದ ದುಡಿಮೆಯ ಕಥೆ ಕೇಳಿದರು. ಬಡವರು, ಓದದವರು ಎಂದುಕೊಂಡಿದ್ದ ಮನೆಗಳಲ್ಲಿ ಬೇಸಾಯ, ಗಣಿ, ಕಟ್ಟಡ, ಔಷಧಿ, ವ್ಯಾಪಾರದ ದೊಡ್ಡ ಅರಿವು ಇತ್ತು. ಮೆಕ್ಸಿಕೊದ ಮಿಠಾಯಿ ತಂದು ನೆರೆಹೊರೆಯಲ್ಲಿ ಮಾರುತ್ತಿದ್ದ ಹುಡುಗನೊಬ್ಬನ ಸಂಗತಿ ತಿಳಿದ ಶಿಕ್ಷಕಿ ಮಿಠಾಯಿಯ ಮೇಲೆಯೇ ಇಡೀ ಪಾಠ ಕಟ್ಟಿದರು. ತಾಯಿಯೊಬ್ಬರು ತರಗತಿಗೆ ಬಂದು ಮಕ್ಕಳ ಮುಂದೆ ಮಿಠಾಯಿ ಮಾಡಿ ತೋರಿಸಿದರು. ಮನೆಯ ಅರಿವಿಗೆ ಶಾಲೆಯೊಳಗೆ ಮರ್ಯಾದೆ ಸಿಕ್ಕಾಗ ಮನೆಯ ಭಾಷೆಗೂ ಸಿಗುತ್ತದೆ.

ನಮ್ಮಲ್ಲಂತೂ ಮನೆತನದ ನೆನಪನ್ನು ಕಾಯುವುದನ್ನೇ ಕಸುಬು ಮಾಡಿಕೊಂಡ ಹೆಳವರಿದ್ದಾರೆ. ಸುಗ್ಗಿ ಮುಗಿದ ಮೇಲೆ ಗಂಟೆ ಕಟ್ಟಿದ ಎತ್ತಿನೊಡನೆ ಊರಿಗೆ ಬಂದು, ತಮಗೆ ಸೇರಿದ ಒಕ್ಕಲುಗಳ ಮನೆಯಂಗಳದಲ್ಲಿ ಕುಳಿತು, ಮೂಲಪುರುಷನಿಂದ ಹಿಡಿದು ಇಂದಿನ ತಲೆಯವರೆಗೆ ಹೆಸರು ಹೇಳುತ್ತಾರೆ. ಯಾವ ಊರಿನಿಂದ ಬಂದಿರಿ, ಯಾವ ದೇವರಿಗೆ ನಡೆದುಕೊಳ್ಳುತ್ತಿದ್ದಿರಿ, ಯಾರು ಬೇರೆಯಾದರು ಎಂಬುದೆಲ್ಲ ಅವರ ಹೊತ್ತಗೆಯಲ್ಲಿರುತ್ತದೆ. ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಸೇರಿಸಿಕೊಂಡು, ಕಾಳು ಕಡಿ, ಕಾಣಿಕೆ ಪಡೆದು ಮುಂದಿನ ಮನೆಗೆ ಹೋಗುತ್ತಾರೆ. ಅವರ ಹೇಳಿಕೆಯ ಲಯ, ಅದರ ಮಾತಿನ ಕಟ್ಟು ಯಾವ ಮಗುವನ್ನೂ ಹಿಡಿದು ಕೂರಿಸುವಂಥದ್ದು, ಒಂದು ದಿನವಾದರೂ ಶಾಲೆಗೆ ಕರೆಸಿ ಕೇಳಿಸಬೇಕಾದದ್ದು. ಆದರೆ ಆ ಸಾಲು ಹೆಚ್ಚಾಗಿ ಗಂಡು ಸಂತಾನದ ಸಾಲು. ತವರು ಬಿಟ್ಟು ಬಂದ ಹೆಣ್ಣಿನ ಕಥೆ ಅಲ್ಲಿಲ್ಲ. ಆ ಕೊರತೆಯನ್ನು ತುಂಬುವ ಕೆಲಸವೇ ಮಗುವಿನ ಪಾಲಿಗೆ ಬರಲಿ. ಮದುವೆಯಾಗಿ ಯಾವ ಗಾಡಿಯಲ್ಲಿ ಬಂದಿರಿ, ಈ ಮನೆಯ ಅಡುಗೆಯಲ್ಲಿ ನಿಮಗೆ ಹೊಸತಾಗಿ ಕಂಡದ್ದೇನು, ತವರಿನ ಯಾವ ಮಾತಿಗೆ ಇಲ್ಲಿ ನಕ್ಕರು ಎಂದು ಅಜ್ಜಿಯನ್ನು ಕೇಳುವವರು ಇದುವರೆಗೆ ಯಾರೂ ಇರಲಿಲ್ಲ.

ಮನೆಯ ಪೆಟ್ಟಿಗೆಯಲ್ಲಿರುವ ಕಾಗದಗಳೂ ಇಷ್ಟೇ ಹೇಳಬಲ್ಲವು. ಪಹಣಿ, ಪೌತಿ ಖಾತೆಯ ಪ್ರತಿ, ಹಳೇ ಪಡಿತರ ಚೀಟಿ, ಲಗ್ನಪತ್ರಿಕೆಗಳನ್ನು ಓದಲು ಕಲಿತ ಮಗು ಕಚೇರಿಯ ಕನ್ನಡವನ್ನೂ ಕಲಿಯುತ್ತದೆ. ಉಳುವ ಭೂಮಿ ತಮಗೆ ಸೇರಬೇಕೆಂದು ಗೇಣಿದಾರರು ಭೂ ನ್ಯಾಯಮಂಡಳಿಗೆ ಕೊಟ್ಟ ಏಳನೇ ನಮೂನೆಯ ಅರ್ಜಿ ಒಂದು ಮನೆಯಲ್ಲಿ ಸಿಕ್ಕರೆ 1974ರ ಭೂಸುಧಾರಣೆಯ ಪಾಠ ಬೇರೆ ಬೇಕಾಗಿಲ್ಲ. ಅದೇ ತರಗತಿಯಲ್ಲಿ ಗೇಣಿಗೆ ಕೊಟ್ಟು ಭೂಮಿ ಕಳೆದುಕೊಂಡ ಮನೆಯ ಮಗುವೂ ಇರಬಹುದು. ಒಂದೇ ಕಾಯ್ದೆ ಎರಡು ಮನೆಗಳಲ್ಲಿ ಎರಡು ಕಥೆಯಾದದ್ದನ್ನು ಮಕ್ಕಳು ಪರಸ್ಪರರಿಂದ ತಿಳಿಯುತ್ತಾರೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಎತ್ತಂಗಡಿಯಾದ ಮಲೆನಾಡಿನ ಕುಟುಂಬಗಳು, 2001ರ ಫೆಬ್ರವರಿಯಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದಾಗ ದುಡಿಮೆ ಹುಡುಕಿಕೊಂಡು ರೈಲು ಹತ್ತಿದವರು, 1956ಕ್ಕೆ ಮೊದಲು ಮುಂಬಯಿಗೋ ಹೈದರಾಬಾದಿಗೋ ಸೇರಿದ್ದ ಜಿಲ್ಲೆಗಳಲ್ಲಿ ಮರಾಠಿ, ಉರ್ದುವಿನಲ್ಲಿ ಓದಿದ ಅಜ್ಜಂದಿರು, ಇವರೆಲ್ಲರ ನೆನಪೂ ನಾಡಿನ ಚರಿತ್ರೆಯೇ. ಏಕೀಕರಣ ಎಂಬುದು ಪರೀಕ್ಷೆಗೆ ಬರೆಯುವ ಐದಂಕದ ಉತ್ತರವಾಗಿ ಉಳಿಯದೆ ಅಜ್ಜನ ಶಾಲೆಯ ಭಾಷೆ ಬದಲಾದ ಸಂಗತಿಯಾಗಿ ಮಗುವಿಗೆ ಸಿಗುತ್ತದೆ.

ಇಲ್ಲಿ ಬರುವ ಅತಿ ದೊಡ್ಡ ಆಕ್ಷೇಪ ಜಾತಿಯದು. ನಮ್ಮಲ್ಲಿ ವಂಶ ಎಂದಕೂಡಲೇ ಜಾತಿ ಬರುತ್ತದೆ. ಒಂದು ಮಗು ಪಟೇಲರ, ದೇಸಾಯರ ಮನೆತನ ಎಂದು ಎದೆಯುಬ್ಬಿಸಿ ಓದುವಾಗ ಇನ್ನೊಂದು ಮಗು ತಾತ ಜೀತಕ್ಕಿದ್ದರು ಎಂದು ಹೇಳಬೇಕೇ? ಈ ಆತಂಕವನ್ನು ತಳ್ಳಿಹಾಕುವಂತಿಲ್ಲ. ಗೋತ್ರ, ಬೆಡಗು, ಮನೆತನದ ಬಿರುದುಗಳನ್ನು ಕೇಳುವ ವಂಶವೃಕ್ಷ ಶಾಲೆಯಲ್ಲಿ ನಿಜಕ್ಕೂ ಅಪಾಯಕಾರಿ, ಅದನ್ನು ಬಿಡುವುದೇ ಸರಿ. ಆದರೆ ವಂಶ ಬೇರೆ, ಬದುಕಿನ ಕಥೆ ಬೇರೆ. ದುಡಿಮೆ, ವಲಸೆ, ಬರಗಾಲ, ಶಾಲೆಗೆ ಹೋದ ಮೊದಲ ದಿನ, ಮನೆಗೆ ಬಂದ ಮೊದಲ ರೇಡಿಯೊ ಇವುಗಳ ಪ್ರಶ್ನೆಯಲ್ಲಿ ದೊಡ್ಡ ಮನೆ ಸಣ್ಣ ಮನೆ ಎಂಬುದಿಲ್ಲ. ಕುಟುಂಬದ ನೆನಪು ಮೇಲುಜಾತಿಯವರ ಆಸ್ತಿಯಲ್ಲ ಎಂಬುದನ್ನು ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’, ಸಿದ್ಧಲಿಂಗಯ್ಯನವರ ‘ಊರುಕೇರಿ’ ಆತ್ಮಕಥೆಗಳು ಕನ್ನಡಕ್ಕೆ ಈಗಾಗಲೇ ತೋರಿಸಿಕೊಟ್ಟಿವೆ. ಅವಮಾನದ ಕಥೆಯನ್ನು ಹೇಳಲೇಬೇಕೆಂಬ ಒತ್ತಾಯ ಮಗುವಿನ ಮೇಲೆ ಇರಬಾರದು. ಹೇಳಬೇಕೆನಿಸಿದರೆ ಅದನ್ನು ಗೌರವದಿಂದ ಕೇಳುವ ತರಗತಿ ಇರಬೇಕು. ಇದು ಶಿಕ್ಷಕರ ಮೇಲೆ ಹೊರೆ ಹಾಕುತ್ತದೆ ಎಂಬುದು ನಿಜ. ತಂದೆ ಅಥವಾ ತಾಯಿ ಇಲ್ಲದ, ದತ್ತು ಬಂದ, ಹಾಸ್ಟೆಲಿನಲ್ಲಿ ಬೆಳೆಯುವ ಮಕ್ಕಳ ವಿಷಯದಲ್ಲೂ ಇದೇ ಎಚ್ಚರ ಬೇಕು. ರಕ್ತಸಂಬಂಧಿಯನ್ನೇ ಕೇಳಬೇಕೆಂಬ ನಿಯಮ ಏಕೆ? ಹಾಸ್ಟೆಲಿನ ಅಡುಗೆಯವರು, ಬೀದಿಯ ಕೊನೆಯ ಚಪ್ಪಲಿ ಹೊಲಿಯುವ ತಾತ, ಯಾರ ಕಥೆಯಾದರೂ ಆಗಬಹುದು.

ಬೆಂಗಳೂರಿನ ತರಗತಿಯೊಂದರಲ್ಲಿ ಮನೆಮಾತು ಕನ್ನಡವೇ ಆಗಿರುವ ಮಕ್ಕಳೆಷ್ಟು ಎಂದು ಕೆಲವರು ಕೇಳುತ್ತಾರೆ. ತಮಿಳು, ತೆಲುಗು, ಉರ್ದು, ತುಳು, ಕೊಂಕಣಿ, ಹಿಂದಿ ಮನೆಗಳ ಮಕ್ಕಳಿಗೆ ಇದರಿಂದ ಕನ್ನಡ ಬರುತ್ತದೆಯೇ? ನನಗೆ ಕಾಣುವಂತೆ ಅವರಿಗೇ ಇದು ಹೆಚ್ಚು ಫಲ ಕೊಡುತ್ತದೆ. ಅಜ್ಜಿ ತೆಲುಗಿನಲ್ಲಿ ಹೇಳಿದ ಕಥೆಯನ್ನು ತರಗತಿಯಲ್ಲಿ ಕನ್ನಡದಲ್ಲಿ ಹೇಳಬೇಕಾದ ಮಗು ಪದಕ್ಕಾಗಿ ತಡಕಾಡುತ್ತದೆ, ಗೆಳೆಯರನ್ನು ಕೇಳುತ್ತದೆ, ಕೊನೆಗೆ ಹೇಳುತ್ತದೆ. ಕನ್ನಡ ಅದಕ್ಕೆ ತನ್ನ ಮನೆಯನ್ನು ಅಳಿಸುವ ಭಾಷೆಯಾಗಿ ಕಾಣದೆ ತನ್ನ ಮನೆಯ ಕಥೆ ಹೇಳುವ ಭಾಷೆಯಾಗಿ ಕಾಣುತ್ತದೆ. ಮನೆಯಲ್ಲಿ ತಮಿಳಾಡಿದ ಮಾಸ್ತಿ, ಮರಾಠಿಯಾಡಿದ ಬೇಂದ್ರೆ ಕನ್ನಡಕ್ಕೆ ಕೊಟ್ಟದ್ದನ್ನು ಬಲ್ಲ ನಾವು ಇದನ್ನು ಸಂಶಯದಿಂದ ನೋಡಬೇಕಾಗಿಲ್ಲ. ಆಡುಮಾತು ಬರೆಸಿದರೆ ಮಕ್ಕಳ ಬರವಣಿಗೆ ಕೆಡುತ್ತದೆ ಎಂಬ ಇನ್ನೊಂದು ಹಳೆಯ ಅಂಜಿಕೆಯೂ ಇದೆ. ಧಾರವಾಡದ ಮಗು ‘ಕಾಕಾ’ ಎಂದದ್ದನ್ನು ‘ಚಿಕ್ಕಪ್ಪ’ ಎಂದು ತಿದ್ದುವ ಅಭ್ಯಾಸ ಅದರಿಂದಲೇ ಬಂದದ್ದು. ದೇವನೂರ ಮಹಾದೇವರ ‘ಕುಸುಮಬಾಲೆ’ ನಂಜನಗೂಡು ಸೀಮೆಯ ಆಡುಮಾತಿನಲ್ಲೇ ಬಂದು ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಮಗು ಮೊದಲು ಕೇಳಿದ್ದನ್ನು ಕೇಳಿದಂತೆ ಬರೆಯಲಿ, ಆಮೇಲೆ ಅದನ್ನೇ ಪತ್ರಿಕೆಯ ಕನ್ನಡದಲ್ಲಿ ತಿರುಗಿ ಬರೆಯಲಿ. ಎರಡನ್ನೂ ಅಕ್ಕಪಕ್ಕ ಇಟ್ಟಾಗ ಎರಡರ ವ್ಯಾಕರಣವೂ ಅದಕ್ಕೆ ಕಾಣುತ್ತದೆ. ಹಿರಿಯರ ನೆನಪು ತಪ್ಪಬಹುದಲ್ಲ ಎಂಬುದಕ್ಕೆ ಉತ್ತರ ಆಗಲೇ ಬಂದಿದೆ: ‘ಅಂತೆ’ ಎಂದಿರುವ ಕಡೆ ‘ಅಂತೆ’ ಉಳಿಸಿ ಬರೆದರೆ ಸಾಕು.

ಇದನ್ನು ನಡೆಸಲು ಹೊಸ ಪಠ್ಯವಾಗಲಿ ಅನುದಾನವಾಗಲಿ ಬೇಕಿಲ್ಲ. ಒಂದು ತಿಂಗಳ ಕನ್ನಡ ಪಿರಿಯಡ್ಡುಗಳಲ್ಲಿ ವಾರಕ್ಕೆ ಒಂದನ್ನು ಇದಕ್ಕೆ ಬಿಟ್ಟರೆ ಆಗುತ್ತದೆ. ಮೊದಲ ವಾರ ಮಕ್ಕಳು ಪ್ರಶ್ನೆಗಳನ್ನಷ್ಟೇ ಬರೆಯಲಿ, ಹೌದು ಇಲ್ಲ ಎಂದರೆ ಮುಗಿಯುವ ಪ್ರಶ್ನೆಗಳನ್ನು ತರಗತಿಯೇ ಹೊಡೆದುಹಾಕಲಿ. ಅಂಕವನ್ನು ಚಿತ್ರಕ್ಕೂ ಅಲಂಕಾರಕ್ಕೂ ಕೊಡದೆ ಬರೆದುಕೊಂಡ ಮಾತಿಗೆ, ಮಗು ಮತ್ತೆ ಹಿಂದಿರುಗಿ ಕೇಳಿದ ಪ್ರಶ್ನೆಗೆ ಕೊಟ್ಟರೆ ತಂದೆತಾಯಿ ಕೂತು ಮಾಡಿಕೊಡುವುದು ತಾನಾಗಿ ಕಡಿಮೆಯಾಗುತ್ತದೆ. ವಿದೇಶದ ಕನ್ನಡ ಕೂಟಗಳ ವಾರಾಂತ್ಯದ ಶಾಲೆಗಳಿಗೆ ಇದು ಇನ್ನೂ ಹಗುರ, ಏಕೆಂದರೆ ಆ ಭಾನುವಾರದ ಕರೆ ಹೇಗೂ ಇದ್ದೇ ಇದೆ. ಒಪ್ಪಿಗೆ ಸಿಕ್ಕ ಬರಹಗಳ ಒಂದು ಪ್ರತಿಯನ್ನು ಹಳ್ಳಿಗಳಲ್ಲಿ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಇಡಬಹುದು. ಹತ್ತು ವರ್ಷಗಳಲ್ಲಿ ಅಲ್ಲಿ ಆ ಊರಿನದೇ ಚರಿತ್ರೆಯ ಒಂದು ಕಪಾಟು ತುಂಬುತ್ತದೆ. ಒಪ್ಪಿಗೆಯ ಮಾತು ಕಡೆಗಣಿಸುವಂಥದ್ದಲ್ಲ. ಆಸ್ತಿಯ ವ್ಯಾಜ್ಯ, ಮುರಿದ ಮದುವೆ, ಸತ್ತ ಮಗು, ಇಂಥವು ಎಲ್ಲ ಮನೆಗಳಲ್ಲೂ ಇರುತ್ತವೆ. ಹೇಳಿದ ಮೇಲೆ ಹಿರಿಯರು ‘ಇದನ್ನ ಬರೀಬೇಡಪ್ಪ’ ಎಂದರೆ ಬರೆಯುವಂತಿಲ್ಲ, ರೆಕಾರ್ಡ್ ಮಾಡಿದ್ದನ್ನು ಅಳಿಸಬೇಕು, ಅದರಿಂದ ಅಂಕ ಕಡಿಮೆಯಾಗಬಾರದು ಎಂದು ಮಕ್ಕಳಿಗೂ ಮನೆಯವರಿಗೂ ಶಿಕ್ಷಕರು ಮೊದಲ ದಿನವೇ ತಿಳಿಸಿರಬೇಕು.